ಬಿರುಕು ಬಿಟ್ಟ ಗಿಟಾರು

ರೇಡಿಯೋ ಕೇಳುವ ಮನೆಯಲ್ಲಿ ಗಿಟಾರಿನ ನಾದ ಕಿವಿಗೆ ಬೀಳದೆ ಇದ್ದಿರಲಾರದು. ಚಿತ್ರಗೀತೆಗಳ ಹಿನ್ನೆಲೆಯಲ್ಲಿ ಅದು ಜಾರುದನಿಯಿಂದ ಸುಳಿಯುವುದುಂಟು. ಬ್ರಿಜ್ ಭೂಷಣ್ ಕಾಬ್ರಾ ಅವರು ಅದರಲ್ಲಿ ನಮ್ಮ ರಾಗಗಳನ್ನೇ ನುಡಿಸಿ ತೋರಿಸಿದ್ದೂ ಉಂಟು. ಆದರೆ ಆ ನಾದ ಹೊರಡುವ ಮರದ ಹಲಗೆ ಎಷ್ಟು ತೆಳುವಾದದ್ದೆಂಬುದನ್ನು ರೇಡಿಯೋ ತಿಳಿಸುವುದಿಲ್ಲ. ತಂತಿಗಳ ಅಡಿಯಲ್ಲಿರುವ, ನಡುವೆ ದುಂಡನೆಯ ಬಾಯುಳ್ಳ ಆ ಹಲಗೆಯನ್ನು ನಾವು ಎದೆಹಲಗೆ ಎಂದು ಕರೆಯೋಣ. ಅದರ ಅಗಲ ಮೊಳಕ್ಕೆ ತುಸು ಕಡಮೆ. ದಪ್ಪ ಎರಡರಿಂದ ಮೂರು ಮಿಲಿಮೀಟರು ಮಾತ್ರ. ಇಷ್ಟು ತೆಳುವಾದ ಮರ ಹಗಲಿರುಳೂ ಬಿಗಿದ ತಂತಿಗಳ ಎಳೆತಕ್ಕೆ ಎದೆಯೊಡ್ಡಿ ನಿಂತಿರುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಗಾದೆ. ಹಿರಿಯರ ಕಾಲದ ಗಿಟಾರೊಂದು ಮನೆಯಲ್ಲಿ ಬಿರಿದರೆ ಜನರು ಈ ಗಾದೆಯನ್ನೇ ನಂಬಿದವರಂತೆ ಅದನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ. ಮರ ಮುತ್ತಲ್ಲ. ಬಿರಿದ ಮರವನ್ನು ಕೂಡಿಸಬಹುದು. ಕೂಡಿಸಿದ ಮೇಲೆ ಅದು ಮತ್ತೆ ನೂರು ವರ್ಷ ನುಡಿಯಬಹುದು. ಈ ಬಿರುಕು ಎಲ್ಲಿಂದ ಬಂತು, ಗಿಟಾರು ಕಟ್ಟುವವರು ಅದರೊಡನೆ ಹೇಗೆ ಸೆಣಸಿದರು ಎಂಬುದನ್ನು ನೋಡಹೊರಟರೆ ವಾದ್ಯದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ಮರದ ಸ್ವಭಾವವನ್ನು ಅರಿಯಬೇಕು. ಕಡಿದು ಕೊಯ್ದು ಹಲಗೆ ಮಾಡಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ತೇವ ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಈ ಹಿಗ್ಗುಕುಗ್ಗು ನಾರಿನ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಮೆ; ಆಗುವುದೆಲ್ಲ ಅಡ್ಡಕ್ಕೆ. ಹವಾಮಾನ ವರದಿಯಲ್ಲಿ ತೇವಾಂಶ ಶೇಕಡ ಇಷ್ಟು ಎಂದು ಕೇಳಿರುತ್ತೀರಷ್ಟೆ. ಅದು ಶೇಕಡ 50ರಿಂದ 20ಕ್ಕೆ ಇಳಿದು ಕೆಲವು ವಾರ ಹಾಗೆಯೇ ನಿಂತರೆ, 40 ಸೆಂಟಿಮೀಟರು ಅಗಲದ ಸ್ಪ್ರೂಸ್ ಹಲಗೆ ಅಡ್ಡಲಾಗಿ ಎರಡು ಮಿಲಿಮೀಟರಿಗೂ ಮಿಕ್ಕಿ ಕುಗ್ಗಬಯಸುತ್ತದೆ. ಕುಗ್ಗಿಕೊಳ್ಳಲಿ ಎಂದರೆ, ಅದು ಸ್ವತಂತ್ರವಲ್ಲ. ಅದರ ಹಿಂಬದಿಗೆ ಅಡ್ಡಪಟ್ಟಿಗಳನ್ನು ಅಂಟಿಸಿರುತ್ತಾರೆ. ಆ ಪಟ್ಟಿಗಳ ನಾರು ಹಲಗೆಗೆ ಅಡ್ಡಲಾಗಿರುವುದರಿಂದ ಅವು ಕುಗ್ಗಲೊಲ್ಲವು. ಒಬ್ಬ ಕುಗ್ಗುತ್ತೇನೆನ್ನುತ್ತಾನೆ, ಇನ್ನೊಬ್ಬ ಬಿಡೆನೆನ್ನುತ್ತಾನೆ. ಕಡೆಗೆ ಹಲಗೆ ನಾರಿನ ಗುಂಟ ಸೀಳುತ್ತದೆ. ನಮ್ಮ ಏಕಾಂಡ ವೀಣೆಯನ್ನು ಹಲಸಿನ ಒಂದೇ ದಿಮ್ಮಿಯಿಂದ ಕೊರೆಯುವರು. ಅಂಟಿಸಿ ಕಟ್ಟಿದ ಗಿಟಾರಿಗೆ ಆ ಗಟ್ಟಿತನ ಇಲ್ಲ.

ಹಾಗಾದರೆ ಹಲಗೆಯನ್ನು ದಪ್ಪವಾಗಿಯೇ ಮಾಡಬಾರದೇಕೆ? ಮಾಡಬಹುದು, ದನಿ ಸತ್ತುಹೋಗುತ್ತದೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವನು ಸ್ಪೇನಿನ ಆಂಟೋನಿಯೊ ಡಿ ಟೊರೆಸ್. ಆಲ್ಮೆರಿಯಾ ಪಟ್ಟಣದ ಬಳಿ 1817ರಲ್ಲಿ ಹುಟ್ಟಿ, ಬಡಗಿತನ ಕಲಿತು, ಸೆವಿಲ್ ನಗರಕ್ಕೆ ಹೋಗಿ ಗಿಟಾರು ಕಟ್ಟುವವನಾದನು. ಅವನು ವಾದ್ಯದ ಒಡಲನ್ನು ಹಿರಿದು ಮಾಡಿದನು, ಎದೆಹಲಗೆಯನ್ನು ತೆಳುಗೊಳಿಸಿದನು, ತೆಳುವಾದದ್ದು ಕುಸಿಯದಂತೆ ಅದರ ಅಡಿಯಲ್ಲಿ ಏಳು ಸಣ್ಣ ಪಟ್ಟಿಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿ ಅಂಟಿಸಿದನು. ಬೀಸಣಿಗೆಯ ಕಟ್ಟು ಅವನಿಗಿಂತ ಮುಂಚೆಯೇ ಇತ್ತು, ಆದರೆ ಅದಕ್ಕೆ ಹದ ತಂದವನು ಇವನೇ. ಯಾವ ಹಲಗೆ ಎಷ್ಟು ತೆಳುವಾಗಬೇಕೆಂಬುದನ್ನು ಹೆಬ್ಬೆರಳು ತೋರುಬೆರಳುಗಳ ತುದಿಯಿಂದಲೇ ತಿಳಿಯುತ್ತಿದ್ದನೆಂದು ಅವನನ್ನು ಬಲ್ಲ ಪಾದ್ರಿಯೊಬ್ಬರು ನೆನಪು ಬರೆದಿಟ್ಟಿದ್ದಾರೆ. 1862ರಲ್ಲಿ ಅವನು ಒಂದು ವಿಚಿತ್ರವಾದ ಗಿಟಾರು ಮಾಡಿದನು. ಅದರ ಎದೆಹಲಗೆ ಮಾತ್ರ ಮರದ್ದು. ಬೆನ್ನು ಮತ್ತು ಪಕ್ಕಗಳು ಕಾಗದದ ರಟ್ಟಿನವು. ನಾದವೆಲ್ಲ ಎದೆಹಲಗೆಯಲ್ಲಿಯೇ ಇದೆಯೆಂದು ಲೋಕಕ್ಕೆ ತೋರಿಸುವುದು ಅವನ ಉದ್ದೇಶ. ಆ ವಾದ್ಯ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ಮಾಡಿದವನು ಸುಖದಿಂದ ಬಾಳಿದನೇ ಎಂದರೆ ಇಲ್ಲ. ನಡುವಯಸ್ಸು ಮೀರಿದ ಮೇಲೆ ಗಿಟಾರಿನ ಕಸುಬನ್ನೇ ಬಿಟ್ಟು, ಊರಿಗೆ ಮರಳಿ, ಪಿಂಗಾಣಿ ಪಾತ್ರೆಗಳ ಅಂಗಡಿಯಿಟ್ಟನು. ಕೆಲವು ವರ್ಷಗಳ ನಂತರ ಮತ್ತೆ ಉಳಿ ಹಿಡಿದನು. 1892ರಲ್ಲಿ ಅವನು ತೀರಿಕೊಂಡನು. ಅವನು 1864ರಲ್ಲಿ ಕಟ್ಟಿದ ಒಂದು ಗಿಟಾರನ್ನು ತರ್ರೇಗಾ ಎಂಬ ಮಹಾವಾದಕರು ಬಹು ಕಾಲ ನುಡಿಸಿದರು. ಅವನ ತೆಳುಹಲಗೆಯೇ ಇಂದಿನ ಎಲ್ಲ ಶಾಸ್ತ್ರೀಯ ಗಿಟಾರುಗಳಿಗೂ ಮೇಲ್ಪಂಕ್ತಿ. ನಾದದೊಡನೆ ಬಿರುಕಿನ ಭಯವೂ ಅವನಿಂದಲೇ ಬಂದ ಆಸ್ತಿಯೆನ್ನಬೇಕು.

ಇತ್ತ ಅಮೆರಿಕದ ಕಥೆ ಬೇರೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನೊಯ್‌ಕಿರ್ಖೆನ್ ಎಂಬ ಊರಿನಲ್ಲಿ 1796ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಬಡಗಿಗಳ ಸಂಘಕ್ಕೆ ಸೇರಿದ ಮನೆತನದವನು. ಗಿಟಾರು ಕಟ್ಟುವುದು ತಮಗೇ ಸಲ್ಲಬೇಕು, ಮೇಜು ಕುರ್ಚಿ ಮಾಡುವವರಿಗೆ ಸಲ್ಲದು ಎಂದು ಆ ಊರಿನ ಪಿಟೀಲು ಮಾಡುವವರ ಸಂಘ ವ್ಯಾಜ್ಯ ಹೂಡಿತು. ಮಾರ್ಟಿನ್ 1833ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದನು. ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಊರಿಗೆ ನೆಲೆ ಬದಲಿಸಿದನು. ಅವನ ಹೆಸರಿನ ಕಂಪನಿ ಇಂದಿಗೂ ಅಲ್ಲಿಯೇ ಇದೆ. 1840ರ ದಶಕದಲ್ಲಿ ಅವನ ಗಿಟಾರುಗಳಲ್ಲಿ ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ಹಾಯುವ ಎರಡು ಪಟ್ಟಿಗಳ ಕಟ್ಟು ಕಾಣಿಸಿಕೊಂಡಿತು. ಮುಂದೆ ಅದರಿಂದ ದೊಡ್ಡ ಉಪಕಾರವಾಗುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಏಕೆಂದರೆ ಆಗಿನ ತಂತಿ ಪ್ರಾಣಿಗಳ ಕರುಳಿನದು.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿಗೆ ಬಂದ ಹವಾಯಿ ದ್ವೀಪದ ವಾದಕರು ಉಕ್ಕಿನ ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸಿದ ಗಿಟಾರಿಗೆ ಅಮೆರಿಕವೆಲ್ಲ ಮರುಳಾಯಿತು. ನಮ್ಮ ಚಿತ್ರಗೀತೆಗಳಿಗೆ ಬಂದ ಜಾರುದನಿಯೂ ಮೂಲತಃ ಆ ದ್ವೀಪದ್ದೇ. 1920ರ ದಶಕ ಮುಗಿಯುವ ಹೊತ್ತಿಗೆ ಮಾರ್ಟಿನ್ ಕಂಪನಿಯ ಗಿಟಾರುಗಳು ಬಹುಮಟ್ಟಿಗೆ ಉಕ್ಕಿನ ತಂತಿಯವಾದವು. ಕರುಳಿನ ತಂತಿಗಳು, ಮುಂದೆ ಬಂದ ನೈಲಾನ್ ತಂತಿಗಳು, ಆರೂ ಕೂಡಿ ಎಳೆಯುವ ಬಲ ಸುಮಾರು 40 ಕಿಲೋಗ್ರಾಮು. ಉಕ್ಕಿನವು ಸಣ್ಣ ಗಾತ್ರದವಾದರೂ 70ಕ್ಕಿಂತ ಹೆಚ್ಚು. ಕರುಳಿನ ತಂತಿಗೆಂದು ಕಟ್ಟಿದ ಹಳೆಯ ಗಿಟಾರಿಗೆ ಇದನ್ನು ಏರಿಸಿದವರು ಕೆಟ್ಟರು. ಕುದುರೆಯ ಹಿಂದೆ ಹಲಗೆ ಉಬ್ಬಿತು, ಮುಂದೆ ತಗ್ಗಿತು, ತಂತಿ ಕಟ್ಟುವ ತೂತಿನಿಂದ ತೂತಿಗೆ ಸೀಳು ಹರಿಯಿತು. ಗುಣಾಕಾರದ ಕಟ್ಟು ಮಾತ್ರ ಈ ಭಾರವನ್ನು ತಕ್ಕಮಟ್ಟಿಗೆ ತಾಳಿತು.

ಮಾರ್ಟಿನ್ ಕಂಪನಿಯವರು ಬಿರುಕನ್ನು ತಡೆಯಲು ಪಕ್ಕಗಳ ಒಳಮೈಗೆ ಬಟ್ಟೆಯ ಪಟ್ಟಿಗಳನ್ನು ಅಂಟಿಸುತ್ತಿದ್ದರು. ಬೆನ್ನಿನ ಎರಡು ಹಲಗೆಗಳು ಕೂಡುವ ಗೆರೆಯ ಮೇಲೆ ಅಡ್ಡನಾರಿನ ಮರದ ಪಟ್ಟಿಯೊಂದನ್ನು ಹೊದಿಸುತ್ತಿದ್ದರು. ಇಷ್ಟು ಎಚ್ಚರವಿದ್ದವರ ಕೈಯಿಂದಲೇ ಒಂದು ಬಿರುಕು ಹುಟ್ಟಿದ್ದು ತಮಾಷೆ. ಉಗುರಿನ ಗೀರು ತಾಕದಿರಲೆಂದು ಎದೆಹಲಗೆಯ ಮೇಲೆ ಸೆಲ್ಯುಲಾಯ್ಡ್ ಹಾಳೆಯೊಂದನ್ನು ಬರಿಯ ಮರಕ್ಕೇ ಅಂಟಿಸುತ್ತಿದ್ದರು. ಸೆಲ್ಯುಲಾಯ್ಡ್ ವಯಸ್ಸಾದಂತೆ ಮುದುಡುವ ವಸ್ತು. ಅದು ಮುದುಡುತ್ತ ಮರವನ್ನೂ ಎಳೆದುಕೊಂಡು ತನ್ನ ಅಂಚಿನಲ್ಲಿ ಸೀಳಿಬಿಡುವುದು. ಹಳೆಯ ಮಾರ್ಟಿನ್ ಗಿಟಾರುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ರಿಪೇರಿಯವರು ಅದಕ್ಕೆ ಬೇರೆಯದೇ ಹೆಸರಿಟ್ಟುಕೊಂಡಿದ್ದಾರೆ. 1980ರ ದಶಕದಲ್ಲಿ ಆ ಹಾಳೆಯನ್ನು ವಾರ್ನಿಷಿನ ಮೇಲೆ ಅಂಟಿಸುವ ಪದ್ಧತಿ ಬಂದ ಮೇಲೆ ಈ ಕಾಟ ತಗ್ಗಿತು. ಇದೆಲ್ಲಕ್ಕಿಂತ ದೊಡ್ಡ ಶತ್ರು ಚಳಿಗಾಲದಲ್ಲಿ ಮನೆ ಕಾಯಿಸುವ ವ್ಯವಸ್ಥೆ. ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಕಾದ ಗಾಳಿಯ ತೇವಾಂಶ ಶೇಕಡ 20ಕ್ಕೂ ಕೆಳಗಿಳಿಯುತ್ತದೆ. ಗಿಟಾರಿನ ಮಟ್ಟಿಗೆ ಅದು ಮರುಭೂಮಿಯೇ ಸರಿ.

ನಮ್ಮ ನಾಡಿಗೂ ಈ ಚರಿತ್ರೆಗೂ ಒಂದು ನಂಟುಂಟು. ಮಾರ್ಟಿನ್ ಕಂಪನಿಯವರು ಬೆನ್ನಿಗೂ ಪಕ್ಕಗಳಿಗೂ ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದರು. ನಾದಕ್ಕೆ ಅದು ಹೆಸರುವಾಸಿ, ಬಿರಿಯುವುದರಲ್ಲಿಯೂ ಹೆಸರುವಾಸಿ. ಬ್ರೆಜಿಲ್ ಸರ್ಕಾರ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ ಅವರು 1969ರಲ್ಲಿ ಭಾರತದ ಬೀಟೆಗೆ ತಿರುಗಿದರು. ಕೊಡಗು, ಚಿಕ್ಕಮಗಳೂರು, ವಯನಾಡು, ನೀಲಗಿರಿಯ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕುಸುರಿ ಕೆಲಸದವರ ಕೈಯಲ್ಲಿ ನಾವು ನೋಡುವ ಮರದ ಜಾತಿಯೇ ಇದು. ಬ್ರೆಜಿಲ್ಲಿನ ಬೀಟೆಯ ಮುಂದೆ ಇದು ಸಪ್ಪೆಯೆಂದು ಕೊಳ್ಳುವವರು ಮೊದಮೊದಲು ಮೂಗು ಮುರಿದರು. ಅವರ ಕಿವಿಯ ಮಾತೇನೇ ಇರಲಿ, ನಮ್ಮ ಬೀಟೆ ಅಷ್ಟಾಗಿ ಬಿರಿಯುವುದಿಲ್ಲವೆಂಬುದನ್ನು ರಿಪೇರಿಯವರು ಒಪ್ಪುತ್ತಾರೆ.

ಇನ್ನು ಚಿಕಿತ್ಸೆಯ ಮಾತು. ಕತ್ತಲ ಕೋಣೆಯಲ್ಲಿ ಗಿಟಾರಿನ ಬಾಯೊಳಗೆ ಒಂದು ಪುಟ್ಟ ದೀಪವಿಟ್ಟರೆ ಕಣ್ಣಿಗೆ ಕಾಣದ ಸೀಳೂ ಬೆಳಕಿನ ಗೆರೆಯಾಗಿ ಹೊಳೆಯುತ್ತದೆ. ಕಂಡೊಡನೆ ಅಂಟು ತುಂಬಹೋಗಬಾರದು. ಒಣಗಿ ಬಾಯಿಬಿಟ್ಟ ಮರಕ್ಕೆ ಮೊದಲು ಬೇಕಾದದ್ದು ತೇವ. ತಂತಿ ಸಡಿಲಿಸಿ, ಹದವಾದ ತೇವವಿರುವೆಡೆಯಲ್ಲಿ ಕೆಲವು ದಿನ, ಬೇಕಾದರೆ ಕೆಲವು ವಾರ ಇಟ್ಟರೆ ಅನೇಕ ಬಿರುಕುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆಮೇಲೆ ಚರ್ಮವನ್ನು ಕುದಿಸಿ ತೆಗೆದ ಅಂಟನ್ನು ಸುಮಾರು 60 ಡಿಗ್ರಿಗೆ ಬಿಸಿಮಾಡಿ ಬೆರಳಿನಿಂದ ಸೀಳಿಗೆ ತೀಡಿ, ಎರಡು ಅಂಚುಗಳು ಸಮವಾಗಿ ನಿಲ್ಲುವಂತೆ ಒತ್ತಿ ಹಿಡಿಯಬೇಕು. ಒಳಗಡೆಯಿಂದ ಸ್ಪ್ರೂಸಿನ ತೆಳುಬಿಲ್ಲೆಗಳನ್ನು ಬಿರುಕಿಗೆ ಅಡ್ಡನಾರಾಗಿ ಅಲ್ಲಲ್ಲಿ ಅಂಟಿಸಬೇಕು. ತೇವ ಕೊಟ್ಟರೂ ಮುಚ್ಚದ ಬಿರುಕಿಗೆ ಅದೇ ಜಾತಿಯ ಹಳೆಯ ಮರದ ಎಳೆಯೊಂದನ್ನು ನಾರು ನೋಡಿ ಸೇರಿಸುವರು. ಇದು ನುರಿತವರ ಕೆಲಸ. ತಾವು ಕೈಹಾಕದಿರುವುದು ಲೇಸು.

ಈ ಚರ್ಮದ ಅಂಟಿಗೆ ನಮ್ಮ ಹಳೆಯ ಬಡಗಿಗಳು ಮರವಜ್ರವೆನ್ನುತ್ತಿದ್ದರು. ಹೆಸರಿನಲ್ಲಿ ವಜ್ರವಾದರೂ ಬಿಸಿ ಮತ್ತು ಒದ್ದೆ ತಾಕಿಸಿದರೆ ಬಿಟ್ಟುಕೊಡುತ್ತದೆ. ಅದೇ ಅದರ ದೊಡ್ಡ ಗುಣ. ಇಂದಿನ ಎಪಾಕ್ಸಿ ಮೊದಲಾದ ಅಂಟುಗಳು ಕಲ್ಲಾಗಿ ಕೂರುತ್ತವೆ. ನಾಳೆ ಇನ್ನೊಬ್ಬ ಕುಶಲಿ ಬಂದು ಕೆಲಸವನ್ನು ತಿದ್ದಬೇಕೆಂದರೆ ಮರವನ್ನೇ ಕೊರೆಯಬೇಕು. ನಾನು ಓದಿಕೊಂಡು ಬಂದದ್ದು ಹಳಗನ್ನಡದ ಪಂಡಿತವಿದ್ಯೆ. ಓಲೆಗರಿಯಲ್ಲಿ ಹುಳು ತಿಂದು ಅಕ್ಷರ ಹೋದಲ್ಲಿ ಪ್ರಾಮಾಣಿಕ ಸಂಪಾದಕನು ತನ್ನ ಊಹೆಯನ್ನು ಕಂಸದೊಳಗೆ ಬರೆಯುತ್ತಾನೆ. ಮುಂದಿನವನಿಗೆ ಒಳ್ಳೆಯ ಪ್ರತಿ ಸಿಕ್ಕರೆ ತಿದ್ದಲು ಎಡೆಯಿರಲಿ ಎಂದು. ಕೆಲವರು ಊಹೆಯನ್ನೇ ಮೂಲದೊಳಗೆ ಬೆರೆಸಿ ಗುರುತಳಿಸುವುದುಂಟು. ಎಪಾಕ್ಸಿ ತುಂಬುವವರು ಈ ಎರಡನೆಯ ಗುಂಪಿನವರು. ಸ್ಟ್ರಾಡಿವರಿ ಪಿಟೀಲಿಗೆ ಹೆಸರಾದರೂ ಗಿಟಾರುಗಳನ್ನೂ ಕಟ್ಟಿದ್ದನು. 1679ರಲ್ಲಿ ಅವನು ಕಟ್ಟಿದ್ದೊಂದನ್ನು ಮುಂದಿನವರು ಆರು ತಂತಿಗೆ ಮಾರ್ಪಡಿಸಿದರು. ನಮ್ಮ ಕಾಲದಲ್ಲಿ ಆ ಮಾರ್ಪಾಟನ್ನು ಬಿಚ್ಚಿ ಮತ್ತೆ ಐದು ಜೋಡಿ ತಂತಿಯ ಮೊದಲಿನ ರೂಪಕ್ಕೆ ತಂದರು. ಈಗ ಅದನ್ನು ಕಛೇರಿಗಳಲ್ಲಿ ನುಡಿಸುತ್ತಾರೆ. ಅದಕ್ಕೆ ಯಾರಾದರೂ ಬಿಚ್ಚಲಾಗದ ಅಂಟು ಸುರಿದಿದ್ದರೆ ಇಷ್ಟು ಸುಲಭವಾಗುತ್ತಿರಲಿಲ್ಲ.

ತಮ್ಮ ಮನೆಯ ಗಿಟಾರಿಗೆ ಬಿರುಕು ಬರದಂತೆ ನೋಡಿಕೊಳ್ಳುವುದು ಕಷ್ಟವಲ್ಲ. ತೇವಾಂಶ ಶೇಕಡ 45ರಿಂದ 55ರ ನಡುವೆ ಇದ್ದರೆ ಮರ ನೆಮ್ಮದಿಯಾಗಿರುತ್ತದೆ. ಅದನ್ನು ಅಳೆಯುವ ಪುಟ್ಟ ಯಂತ್ರಗಳು ಸಿಗುತ್ತವೆ. ರಾಯಚೂರು, ಕಲಬುರಗಿಯ ಬೇಸಗೆಯಲ್ಲಿ ವಾದ್ಯವನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಡಿ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜನ್ನು ಹಾಕಿ ಪೆಟ್ಟಿಗೆಯೊಳಗೆ ಇಟ್ಟರೆ ಸಾಕು; ನೀರು ತೊಟ್ಟಿಕ್ಕಬಾರದು. ಮಂಗಳೂರಿನ ಮಳೆಗಾಲದಲ್ಲಿ ಇದರ ವಿರುದ್ಧ. ಅಲ್ಲಿ ಮರ ಊದುತ್ತದೆ, ಅಂಟು ಸಡಿಲುತ್ತದೆ, ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಸಿಲಿಕಾ ಚೀಲ ಬೇಕು. ಹಳೆಯ ಶಾಸ್ತ್ರೀಯ ಗಿಟಾರಿಗೆ ಉಕ್ಕಿನ ತಂತಿ ಏರಿಸಲೇಬಾರದು. ತಿಂಗಳುಗಟ್ಟಲೆ ನುಡಿಸದೆ ಇಡುವುದಾದರೆ ಬಿರಡೆಗಳನ್ನು ತಿರುಗಿಸಿ ಒಂದೆರಡು ಸ್ವರ ಇಳಿಸಿಡಿ.

ಕಡೆಯದಾಗಿ ಒಂದು ಎಚ್ಚರಿಕೆ. ಓಲೆಗರಿ ಒಣಗಿ ಮುರಿಯದಿರಲೆಂದು ನಾವು ಎಣ್ಣೆ ಸವರುತ್ತೇವೆ. ಅದೇ ಅಭ್ಯಾಸದಿಂದ ಬಿರಿದ ಎದೆಹಲಗೆಗೆ ಎಣ್ಣೆ ತಾಕಿಸಬೇಡಿ. ಎಣ್ಣೆ ಕುಡಿದ ಸೀಳಿಗೆ ಯಾವ ಅಂಟೂ ಹತ್ತುವುದಿಲ್ಲ.