ಮಹಾವೀರಾಚಾರ್ಯರ ಅಂಕಿಹಾರ

ಅಣ್ಣಿಗೇರಿಯಲ್ಲಿದ್ದು ದೇವಣ್ಣಯ್ಯನು ಬೆಳ್ವೊಲ ಮುನ್ನೂರನ್ನು ಆಳುತ್ತಿದ್ದನೆಂದು 866ರ ಶಿರೂರು ಶಾಸನ ತಿಳಿಸುತ್ತದೆ. ಅವನ ಒಡೆಯ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಆ ದೊರೆಯನ್ನು ಹೊಗಳಿಯೇ ಜೈನ ಪಂಡಿತ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಆರಂಭಿಸಿದರು.

ಅದರ ಗುಣಾಕಾರವೊಂದನ್ನು ನೀವೂ ಮಾಡಿ ನೋಡಿ: 27994681 × 441. ಉತ್ತರ 12345654321. ಒಂದರಿಂದ ಆರಕ್ಕೇರಿ ಒಂದಕ್ಕಿಳಿಯುವ ಅಂಕಿಗಳು. ಯಾವ ಕಡೆಯಿಂದ ಓದಿದರೂ ಒಂದೇ. ಇಂಥ ಕೆಲವು ಗುಣಲಬ್ಧಗಳನ್ನು ಆಚಾರ್ಯರು ಕೊರಳಹಾರಕ್ಕೆ ಹೋಲಿಸಿದ್ದಾರೆ.

ಗುಟ್ಟು ಇಷ್ಟೆ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದ್ದರಿಂದ ಉತ್ತರವು ಆರು ಒಂದುಗಳ ಸಂಖ್ಯೆಯ ವರ್ಗ. ಆ ಒಂದುಗಳ ಸಾಲನ್ನು ಒಂದೊಂದೇ ಸ್ಥಾನ ಸರಿಸಿ ಆರು ಸಲ ಬರೆದು ಕೂಡಿಸಿ, ಹಾರ ತಾನಾಗಿ ಮೂಡುತ್ತದೆ.

ಇದು ಬರಿಯ ಚಮತ್ಕಾರವಲ್ಲ. ಒಂದು ಅಂಕಿ ತಪ್ಪಿದರೂ ಹಾರ ಕೆಡುತ್ತದೆ. ಗುರು ಹೇಳುವ ಮೊದಲೇ ಶಿಷ್ಯನಿಗೆ ತಪ್ಪು ಕಾಣುತ್ತದೆ.