ವರದಿಗಾರನ ಬುತ್ತಿ

1993ರಲ್ಲಿ ಪಿ. ಸಾಯಿನಾಥ್ ಅವರಿಗೆ ಟೈಮ್ಸ್ ಆಫ್ ಇಂಡಿಯಾದ ಫೆಲೋಶಿಪ್ ದೊರೆಯಿತು. ಆ ಹಣ ಕೊಟ್ಟದ್ದು ಸಮಯ. ಕಾಳಹಂದಿ, ಪಲಾಮು, ಸರ್ಗುಜಾದಂಥ ಬಡ ಜಿಲ್ಲೆಗಳಲ್ಲಿ ಅವರು ತಿಂಗಳುಗಟ್ಟಲೆ ಅಲೆದರು. ಒಡಿಶಾದ ಕೋಮ್ನಾದಲ್ಲಿ ಹಿಂದೊಮ್ಮೆ ಅಭಿವೃದ್ಧಿಯ ಹೆಸರಿನಲ್ಲಿ ಊರ ಹೋರಿಗಳ ಬೀಜ ಒಡೆಸಿ, ಜರ್ಸಿ ತಳಿ ಬೆಳೆಸಲು ಹೊರಟಿದ್ದರು. ಎರಡು ಕೋಟಿ ರೂಪಾಯಿಗೆ ಹುಟ್ಟಿದ್ದು ಎಂಟೇ ಕರು. ಊರ ತಳಿ ಅಳಿಯಿತು. ಇಂಥದ್ದು ಒಂದು ದಿನದ ಭೇಟಿಗೆ ಸಿಗುವ ಸುದ್ದಿಯೇ? ಆ ವರದಿಗಳು 1996ರಲ್ಲಿ ಪುಸ್ತಕವಾದವು, ಕನ್ನಡಕ್ಕೂ ಬಂದವು.

ಆಮೇಲೆ ಹಣ ಕೊಡುವ ಕೈ ಬದಲಾಯಿತು. 2010ರಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆಯ ಜಾಗತಿಕ ಅಭಿವೃದ್ಧಿ ವಿಭಾಗಕ್ಕೆ, 2013ರಲ್ಲಿ ಯುರೋಪಿನ ಪತ್ರಕರ್ತರ ಹೊಸ ಬಗೆಯ ವರದಿಗಳಿಗೆ ಗೇಟ್ಸ್ ಪ್ರತಿಷ್ಠಾನ ನೆರವಾಯಿತು. ಬೇಡವೆನ್ನಲಾರೆ, ಬುತ್ತಿಯಿಲ್ಲದೆ ದೂರದ ಹಳ್ಳಿ ಸೇರುವುದು ಹೇಗೆ? ಆದರೆ ಬಡ ದೇಶಗಳ ಲಸಿಕೆ, ಬೇಸಾಯಗಳಿಗೆ ಹಣ ಹಾಕುವವರೂ ಅವರೇ. ಕೋಮ್ನಾದ ಯೋಜನೆಯೂ ಬುತ್ತಿ ಕೊಟ್ಟವರದೇ ಆಗಿದ್ದರೆ, ಆ ಎಂಟು ಕರುಗಳನ್ನು ಯಾರು ಎಣಿಸುತ್ತಿದ್ದರು?