ಸತ್ತ ದನ ಯಾರ ಪಾಲು?

ಕೊಟ್ಟಿಗೆಯಲ್ಲಿ ದನ ಸತ್ತರೆ ಹಳೇ ಮೈಸೂರು ಸೀಮೆಯ ರೈತ ಮಾಡುತ್ತಿದ್ದ ಕೆಲಸ ಒಂದೇ, ಮಾದಿಗರ ಕೇರಿಗೆ ಹೇಳಿಕಳಿಸುವುದು. ಮಿಕ್ಕದ್ದೆಲ್ಲ ಕೇರಿಯವರ ಪಾಲಿಗೆ. ಅವರು ಬಂದು ಕಾಲಿಗೆ ಹಗ್ಗ ಬಿಗಿಯಬೇಕು, ಗಳುವಿಗೆ ಕಟ್ಟಿ ಹೊತ್ತೋ ನೆಲದ ಮೇಲೆ ಎಳೆದೋ ಊರಾಚೆಗೆ ಸಾಗಿಸಬೇಕು, ತೊಗಲು ಸುಲಿಯಬೇಕು. ಉಳಿದದ್ದನ್ನು ರಣಹದ್ದುಗಳೂ ನಾಯಿಗಳೂ ನೋಡಿಕೊಳ್ಳುತ್ತಿದ್ದವು. ಇದನ್ನು ಯಾವ ಕಾಯಿದೆಯೂ ಹೇಳಿರಲಿಲ್ಲ. ಆದರೂ ಯಾರೂ ತಪ್ಪಿಸುವಂತಿರಲಿಲ್ಲ.

ಈ ಏರ್ಪಾಟಿಗೆ ಅದರದೇ ಲೆಕ್ಕಾಚಾರವಿತ್ತು. ತೊಗಲು ಸುಲಿದವನ ಹಕ್ಕು. ಅದಕ್ಕೆ ಪ್ರತಿಯಾಗಿ ಅವನು ರೈತನಿಗೆ ಮಿಣಿ, ಬಾರುಕೋಲು, ಮೆಟ್ಟು, ಕಪಿಲೆ ಬಾವಿಯ ತೊಗಲ ಚೀಲ ಮಾಡಿಕೊಡಬೇಕು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಒಂದಿಷ್ಟು ಕಾಳು. ಸತ್ತ ಎತ್ತಿನ ಚರ್ಮವಿಲ್ಲದೆ ಬದುಕಿರುವ ಎತ್ತು ನೊಗಕ್ಕೆ ಬೀಳುತ್ತಿರಲಿಲ್ಲ, ಬಾವಿಯ ನೀರು ಮೇಲೇರುತ್ತಿರಲಿಲ್ಲ. 1800ರಲ್ಲಿ ಬೆಂಗಳೂರಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಮಾದಿಗರು ಸುಣ್ಣದ ನೀರಲ್ಲಿ ತೊಗಲು ನೆನೆಹಾಕಿ ತಂಗಡಿ ಚಕ್ಕೆಯಿಂದ ಹದ ಮಾಡುವ ರೀತಿಯನ್ನು ಬರೆದಿಟ್ಟುಕೊಂಡ. ಕಸುಬು ಅವನ ಕಾಲಕ್ಕಿಂತ ಎಷ್ಟೋ ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಇದ್ದ ಶರಣರಲ್ಲಿ ಡೋಹರ ಕಕ್ಕಯ್ಯನವರು ತೊಗಲು ಹದ ಮಾಡುವವರು, ಹರಳಯ್ಯನವರು ಸಮಗಾರರು.

ಕಾಗದದ ಮೇಲೆ ಇದು ಕೊಡು-ಕೊಳ್ಳುವ ವ್ಯವಹಾರದಂತೆ ಕಾಣುತ್ತದೆ. ಆದರೆ ಒಪ್ಪಂದ ಮುರಿಯುವ ಸ್ವಾತಂತ್ರ್ಯ ಒಂದೇ ಕಡೆಗಿತ್ತು. ದನ ಹೊರುವುದನ್ನು ಬಿಡುತ್ತೇನೆ ಎಂದವನಿಗೆ ಕಣದ ಕಾಳೂ ಇಲ್ಲ, ಊರೊಳಗೆ ನೆಲೆಯೂ ಇಲ್ಲ. ಕೆಲಸ ಮಾಡಿದರೆ ಅದೇ ಕೆಲಸವನ್ನು ತೋರಿಸಿ ಅವನನ್ನು ಮುಟ್ಟಬಾರದವನೆಂದು ದೂರ ಇಡುವರು.

ಬ್ರಿಟಿಷ್ ಆಡಳಿತದ ಕಣ್ಣು ಈ ಲೋಕದ ಮೇಲೆ ಬಿದ್ದದ್ದು ತೊಗಲಿನ ಬೆಲೆ ಏರಿದಾಗ. ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಭಾರತದ ಚರ್ಮ ಹಡಗು ಹತ್ತಿ ದೊಡ್ಡ ಪ್ರಮಾಣದಲ್ಲಿ ಯುರೋಪಿಗೆ ಹೋಗತೊಡಗಿತ್ತು. ಆಗ ಉತ್ತರ ಭಾರತದ ಅಧಿಕಾರಿಗಳಿಗೊಂದು ಗುಮಾನಿ ಹುಟ್ಟಿತು. ತೊಗಲಿನ ಆಸೆಗೆ ಚಮ್ಮಾರರೇ ದನಗಳಿಗೆ ವಿಷ ಹಾಕುತ್ತಿದ್ದಾರೆ ಎಂಬುದು ಆ ಗುಮಾನಿ. ಮೇವಿನಲ್ಲಿ ಸೋಮಲ ಬೆರೆಸಿದ, ಗುಲಗಂಜಿ ಅರೆದು ಸೂಜಿಯಂತೆ ಹೊಸೆದು ದನದ ಮೈಗೆ ಚುಚ್ಚಿದ ಪ್ರಕರಣಗಳು ನಿಜವಾಗಿಯೂ ನಡೆದಿದ್ದವು. ಆದರೆ ಅಪವಾದ ಇಡೀ ಜಾತಿಯ ತಲೆಗೆ ಬಂತು. ಅದೇ ದಶಕಗಳಲ್ಲಿ ದೊಡ್ಡರೋಗ, ಎಂದರೆ ರಿಂಡರ್‌ಪೆಸ್ಟ್, ಹಟ್ಟಿಗಟ್ಟಲೆ ದನಗಳನ್ನು ನೆಲಕ್ಕೆ ಕೆಡವುತ್ತಿತ್ತು. ದನಗಳ ಪಿಡುಗಿನ ಬಗ್ಗೆ ಸರ್ಕಾರವೇ ನೇಮಿಸಿದ್ದ ಆಯೋಗ 1871ರಲ್ಲಿ ವರದಿ ಕೊಟ್ಟಿತ್ತು. ಸೋಮಲದಂಥ ವಿಷಗಳ ಮಾರಾಟಕ್ಕೆ ಕಡಿವಾಣ ಹಾಕುವ ಕಾಯಿದೆ 1904ರಲ್ಲಿ ಬಂತು.

ರೋಗದ ಕಾಯಿದೆಗಳೂ ಹೀಗೆಯೇ ತಮಗೆ ಬೇಕಾದುದನ್ನಷ್ಟೇ ನೋಡಿದವು. ಮದ್ರಾಸ್ ಪ್ರಾಂತ್ಯ 1866ರಲ್ಲಿ ದನಗಳ ರೋಗದ ಕಾಯಿದೆ ಮಾಡಿತು. ಆದರೆ ದೇಶಕ್ಕೆಲ್ಲ ಅನ್ವಯಿಸಿದ 1899ರ ಗ್ಲ್ಯಾಂಡರ್ಸ್ ಕಾಯಿದೆಯೂ 1910ರ ಡೂರಿನ್ ಕಾಯಿದೆಯೂ ಕುದುರೆ ಜಾತಿಯ ರೋಗಗಳಿಗೆ ಸಂಬಂಧಿಸಿದವು. ಸೈನ್ಯಕ್ಕೂ ಜಟಕಾಗಾಡಿಗೂ ಕುದುರೆ ಬೇಕಿದ್ದ ಕಾಲ ಅದು. ಹಳ್ಳಿಯಲ್ಲಿ ಸತ್ತ ದನವನ್ನು ಯಾರು ಹೊರುತ್ತಾರೆ, ಎಲ್ಲಿ ಹಾಕುತ್ತಾರೆ ಎಂಬುದು ಆಡಳಿತಕ್ಕೆ ತಲೆನೋವಾಗಲಿಲ್ಲ. ಜಾತಿಯೂ ಹದ್ದೂ ಸೇರಿ ಬಿಡಿಗಾಸಿನ ಖರ್ಚಿಲ್ಲದೆ ಆ ಕೆಲಸ ಮುಗಿಸುತ್ತಿದ್ದವು.

ಆದರೆ ಖರ್ಚನ್ನು ಯಾರೋ ತೆರುತ್ತಿದ್ದರು. ನೆರಡಿ ರೋಗವನ್ನೇ ನೋಡಬಹುದು. ವೈದ್ಯರು ಆಂಥ್ರಾಕ್ಸ್ ಎನ್ನುವ ಈ ರೋಗದ ರೋಗಾಣು ಬೀಜಕಣಗಳಾಗಿ ಉಳಿಯಬಲ್ಲದು ಎಂದು ರಾಬರ್ಟ್ ಕಾಖ್ 1876ರಲ್ಲಿ ತೋರಿಸಿದ. ಹೂತ ಹೆಣದ ಬೀಜಕಣಗಳನ್ನು ಎರೆಹುಳುಗಳು ಮೇಲಕ್ಕೆ ತರುತ್ತವೆ, ಅಲ್ಲಿ ಮೇಯುವ ದನಕ್ಕೆ ಮತ್ತೆ ರೋಗ ಹತ್ತುತ್ತದೆ ಎಂದು 1880ರಲ್ಲಿ ಲೂಯಿ ಪಾಶ್ಚರ್ ವಾದಿಸಿದ. ಬೀಜಕಣಗಳು ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಈ ರೋಗಾಣುವನ್ನು ಅಸ್ತ್ರವಾಗಿ ಪರೀಕ್ಷಿಸಿದ ಸ್ಕಾಟ್‌ಲೆಂಡಿನ ಗ್ರುಯಿನಾರ್ಡ್ ದ್ವೀಪ ಸುರಕ್ಷಿತವೆಂದು ಸಾರಲು 1990ರವರೆಗೆ ಕಾಯಬೇಕಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ನೆರಡಿಯಿಂದ ಸತ್ತ ದನದ ಮೈ ಹರಿಯದಿದ್ದರೆ ಒಳಗಿನ ರೋಗಾಣು ಕೊಳೆತದಲ್ಲೇ ಬಹುಪಾಲು ನಾಶವಾಗುತ್ತದೆ. ಕೊಯ್ದು ಗಾಳಿಗೆ ತೆರೆದೊಡನೆ ಅದು ಬೀಜಕಣವಾಗಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಅಂಥ ಹೆಣವನ್ನು ಕೊಯ್ಯಬಾರದು, ಸುಲಿಯಬಾರದು ಎಂದು ಪಶುವೈದ್ಯರು ಹೇಳುತ್ತಾರೆ. ಊರು ಕೇರಿಗೆ ವಹಿಸಿದ್ದದ್ದು ಮಾತ್ರ ಸುಲಿಯುವ ಕೆಲಸವನ್ನೇ. ಮೊದಲ ಅಪಾಯ ಕತ್ತಿ ಹಿಡಿದ ಬರಿಗೈಗೆ, ಎರಡನೆಯದು ಆ ಮಾಂಸವನ್ನು ಬೇಯಿಸಿ ತಿನ್ನುವಷ್ಟು ಬಡತನವಿದ್ದ ಮನೆಗೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಕಸುಬಿನ ಬಗ್ಗೆ ಎರಡು ಎದುರುಬದುರಾದ ದಾರಿಗಳು ಕಂಡವು. ಗಾಂಧಿ ಕಸುಬನ್ನು ಸುಧಾರಿಸಹೊರಟರು. ಕೊಂದ ದನದ ಚರ್ಮದ ಬದಲು ತಾನಾಗಿ ಸತ್ತ ದನದ ಚರ್ಮ ಬಳಕೆಯಾಗಲಿ, ಹದ ಮಾಡುವ ವಿದ್ಯೆ ಹಳ್ಳಿಯಲ್ಲೇ ಉಳಿಯಲಿ, ಮೂಳೆ ಗೊಬ್ಬರವಾಗಲಿ ಎಂಬುದು ಅವರ ಆಸೆ. ವಾರ್ಧಾದಲ್ಲಿ ಇದಕ್ಕಾಗಿ ಚರ್ಮಾಲಯ ನಡೆಯಿತು. ಅಂಬೇಡ್ಕರರು ಕಸುಬನ್ನೇ ಬಿಡಿ ಎಂದರು. 1927ರ ಮಹಾಡ್ ಸಮಾವೇಶ ಸತ್ತ ದನ ಎಳೆಯುವುದನ್ನೂ ಅದರ ಮಾಂಸ ತಿನ್ನುವುದನ್ನೂ ನಿಲ್ಲಿಸಲು ಕರೆಕೊಟ್ಟಿತು. ಇದರಿಂದ ನಿಮ್ಮ ಜನಕ್ಕೇ ನಷ್ಟ ಎಂದು ಲೆಕ್ಕ ಹೇಳಿದವರು ಆಗ ಬಹಳ. ಅಂಥವರಿಗೆ ಅಂಬೇಡ್ಕರರು 1956ರಲ್ಲಿ ನಾಗಪುರದ ಭಾಷಣದಲ್ಲೂ ಉತ್ತರ ಕೊಟ್ಟರು. ಅಷ್ಟು ಲಾಭದ ಕೆಲಸವಾದರೆ ನೀವೇ ಮಾಡಬಾರದೇಕೆ ಎಂಬುದು ಅದರ ತಿರುಳು.

ಗಣರಾಜ್ಯದ ಕಾನೂನು ಅಂಬೇಡ್ಕರರ ದಾರಿಗೆ ಬರಲು ಹೊತ್ತು ಹಿಡಿಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಗೆ 1976ರಲ್ಲಿ ತಿದ್ದುಪಡಿಯಾದಾಗ 7ಎ ಎಂಬ ಹೊಸ ಕಲಮು ಸೇರಿತು. ಅಸ್ಪೃಶ್ಯತೆಯ ನೆಪದಲ್ಲಿ ಯಾರನ್ನಾದರೂ ಸತ್ತ ಪ್ರಾಣಿ ಸಾಗಿಸಲು, ತೊಗಲು ಸುಲಿಯಲು ಬಲವಂತ ಮಾಡಿದರೆ ಕನಿಷ್ಠ ಮೂರು ತಿಂಗಳ ಸೆರೆವಾಸ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯಿದೆಯ 2015ರ ತಿದ್ದುಪಡಿಯೂ ಇದನ್ನು ದೌರ್ಜನ್ಯಗಳ ಪಟ್ಟಿಗೆ ಸೇರಿಸಿತು. ಆ ತಿದ್ದುಪಡಿ ಜಾರಿಗೆ ಬಂದು ಆರು ತಿಂಗಳಾಗುವಷ್ಟರಲ್ಲಿ, 2016ರ ಜುಲೈ 11ರಂದು, ಗುಜರಾತಿನ ಊನಾ ತಾಲೂಕಿನಲ್ಲಿ ಸತ್ತ ಹಸು ಸುಲಿಯುತ್ತಿದ್ದ ದಲಿತರನ್ನು ಗೋರಕ್ಷಕರೆಂದು ಹೇಳಿಕೊಂಡವರು ಕಟ್ಟಿ ಹೊಡೆದರು. ಮುಂದಿನ ವಾರ ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ವಾಹನಗಳಲ್ಲಿ ತಂದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಸುರಿದರು. ಹೆಣ ಎತ್ತುವುದಿಲ್ಲ ಎಂಬ ಪಟ್ಟು ಇತರ ಜಿಲ್ಲೆಗಳಿಗೂ ಹಬ್ಬಿತು.

ಅಷ್ಟರಲ್ಲಿ ಹಳೆಯ ಏರ್ಪಾಟಿನ ಇನ್ನೊಂದು ಆಧಾರವೂ ಕುಸಿದಿತ್ತು. ರಣಹದ್ದುಗಳು ಸಾಯುತ್ತಿರುವುದನ್ನು ಭರತಪುರದ ಕೇವಲಾದೇವ್ ಪಕ್ಷಿಧಾಮದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ 1990ರ ದಶಕದಲ್ಲೇ ಗುರುತಿಸಿದ್ದರು. ಕಾರಣ ಗೊತ್ತಾದದ್ದು 2004ರಲ್ಲಿ. ದನಗಳ ನೋವು, ಊತಕ್ಕೆ ಕೊಡುತ್ತಿದ್ದ ಅಗ್ಗದ ಔಷಧ ಡೈಕ್ಲೋಫೆನಾಕ್ ಹೆಣದ ಮೂಲಕ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸುತ್ತಿತ್ತು. ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಶೇ. 99.9ರಷ್ಟು ಇಳಿಯಿತು. ಪಶುಬಳಕೆಯ ಡೈಕ್ಲೋಫೆನಾಕ್‌ಗೆ 2006ರಲ್ಲಿ ನಿಷೇಧ ಬಂತು. ಕರ್ನಾಟಕದಲ್ಲಿ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಹದ್ದು ಹೋದ ಕಡೆ ತಿಪ್ಪೆಯ ಹೆಣಕ್ಕೆ ನಾಯಿಗಳು ಮುತ್ತಿದವು, ಹೆಣಗಳು ಹಳ್ಳಕೊಳ್ಳ ಸೇರಿದವು. 2000ದಿಂದ 2005ರ ನಡುವೆ ಇದರಿಂದ ಸುಮಾರು 5 ಲಕ್ಷ ಹೆಚ್ಚುವರಿ ಮಾನವ ಸಾವುಗಳು ಸಂಭವಿಸಿದವು ಎಂದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಅಂದಾಜು ಮಾಡಿದರು.

ರೋಗದಿಂದ ಸತ್ತ ದನದ ಹೊಣೆಯನ್ನು ಇಡೀ ದೇಶಕ್ಕೆ ಅನ್ವಯಿಸುವಂತೆ ಅದರ ಮಾಲೀಕನ ಮೇಲೆ ಹೊರಿಸಿದ್ದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯಿದೆ. ಕುದುರೆಗಳ ಕಾಲದ 1899 ಮತ್ತು 1910ರ ಕಾಯಿದೆಗಳು ರದ್ದಾದದ್ದೂ ಇದರಿಂದಲೇ. ಪಟ್ಟಿಯಲ್ಲಿರುವ ರೋಗದಿಂದ ಸತ್ತ ಪ್ರಾಣಿಯನ್ನು ನಿಯಮದಂತೆ ವಿಲೇವಾರಿ ಮಾಡಬೇಕು. ನದಿ, ಕೆರೆ, ಕಾಲುವೆಗೆ ಎಸೆದರೆ ದಂಡ. ಅಗತ್ಯ ಬಿದ್ದರೆ ಹೂತದ್ದನ್ನು ತೆಗೆಸಿ ಪರೀಕ್ಷಿಸುವ ಅಧಿಕಾರ ಪಶುವೈದ್ಯಾಧಿಕಾರಿಗೆ ಉಂಟು. 2022ರಲ್ಲಿ ಚರ್ಮಗಂಟು ರೋಗ ಗುಜರಾತ್, ರಾಜಸ್ಥಾನಗಳಲ್ಲಿ ಹಬ್ಬಿ ಕರ್ನಾಟಕಕ್ಕೂ ಬಂದಾಗ ಈ ನಿಯಮಗಳಿಗೆ ದೊಡ್ಡ ಪರೀಕ್ಷೆ ಎದುರಾಯಿತು. ಬಿಕಾನೇರಿನ ಬಯಲಲ್ಲಿ ಹಸುಗಳ ಹೆಣ ರಾಶಿ ಬಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು.

ನಗರದ ಸಾಕುಪ್ರಾಣಿಗೆ ಈಗ ಬೇರೆಯದೇ ಏರ್ಪಾಟು. ಬೆಂಗಳೂರಿನಲ್ಲಿ ನಾಯಿ, ಬೆಕ್ಕು ಸತ್ತರೆ ಸುಮನಹಳ್ಳಿಯ ವಿದ್ಯುತ್ ಚಿತಾಗಾರವಿದೆ, ಕೆಂಗೇರಿಯ ಹತ್ತಿರ ಹೂಳುವ ಜಾಗವಿದೆ. ಹಳ್ಳಿಯಲ್ಲಿ ಮಿಣಿಯ ಜಾಗಕ್ಕೆ ನೈಲಾನ್ ಹಗ್ಗ, ಕಪಿಲೆಯ ಜಾಗಕ್ಕೆ ಪಂಪ್‌ಸೆಟ್ ಬಂದು, ತೊಗಲು ಕೊಟ್ಟು ಕಾಳು ಪಡೆಯುವ ಲೆಕ್ಕ ಮುಗಿದಿದೆ. ರೈತ ಜೆಸಿಬಿ ಕರೆಸಿ ಬಾಡಿಗೆ ಕೊಟ್ಟು ಹೊಲದ ಮೂಲೆಯಲ್ಲಿ ಗುಂಡಿ ತೋಡಿಸುತ್ತಾನೆ. ಹೊಲವೇ ಇಲ್ಲದವನಿಗೆ ಆ ಮೂಲೆಯೂ ಇಲ್ಲ. 2009ರ ಕಾಯಿದೆ ಹೇಳುವುದು ಪಟ್ಟಿಯ ರೋಗಗಳಿಂದ ಸತ್ತ ಪ್ರಾಣಿಗಳ ಮಾತನ್ನು. ಮುಪ್ಪಿನಿಂದಲೋ ಹಾವು ಕಚ್ಚಿಯೋ ಸತ್ತ ಎತ್ತು ಅದರ ವ್ಯಾಪ್ತಿಯ ಹೊರಗೆ ಉಳಿದು, ಸ್ಥಳೀಯ ಪಂಚಾಯಿತಿಯ ಇಲ್ಲವೇ ಪುರಸಭೆಯ ಪಾಲಿಗೆ ಬರುತ್ತದೆ.